ಸಂತೆಯ ವಾರ, ಸಭೆಯ ವಾರ

ಹಗಲಿರುಳುಗಳನ್ನು ಭೂಮಿಯ ತಿರುಗಾಟ ಕೊಡುತ್ತದೆ, ತಿಂಗಳನ್ನು ಚಂದ್ರನ ವೃದ್ಧಿಕ್ಷಯ ಕೊಡುತ್ತದೆ, ವರ್ಷವನ್ನು ಋತುಗಳ ಸುತ್ತು ಕೊಡುತ್ತದೆ. ವಾರಕ್ಕೆ ಮಾತ್ರ ಆಕಾಶದಲ್ಲಿ ಅಂಥ ಸಾಕ್ಷಿ ಯಾವುದೂ ಇಲ್ಲ. ಪಂಚಾಂಗವೆಂದರೆ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳ ಲೆಕ್ಕ. ಅವುಗಳಲ್ಲಿ ನಾಲ್ಕನ್ನು ಸೂರ್ಯಚಂದ್ರರ ಸ್ಥಾನಗಳಿಂದ ಗಣಿಸಿ ತೆಗೆಯಬಹುದಾದರೆ, ವಾರವನ್ನು ನಿನ್ನೆ ಯಾವುದಿತ್ತೆಂದು ಬಲ್ಲವರನ್ನು ಕೇಳಿಯೇ ತಿಳಿಯಬೇಕು. ಕಾಡಿನಲ್ಲಿ ದಾರಿ ತಪ್ಪಿ ಹಲವು ದಿನ ಅಲೆದವನು ಚಂದ್ರನನ್ನು ನೋಡಿ ಇಂದು ಅಷ್ಟಮಿಯ ಆಸುಪಾಸು ಎಂದು ಊಹಿಸಬಲ್ಲನೇ ಹೊರತು, ಇಂದು ಬುಧವಾರವೋ ಗುರುವಾರವೋ ಎಂದು ಹೇಳಲಾರ. ಅಂದರೆ ವಾರವೆಂಬುದು ಪ್ರಕೃತಿಯ ಕೊಡುಗೆಯಲ್ಲ, ಜನರು ತಮ್ಮತಮ್ಮಲ್ಲಿ ಮಾಡಿಕೊಂಡು ಸಾವಿರಾರು ವರ್ಷ ಮುರಿಯದೆ ನಡೆಸಿಕೊಂಡು ಬಂದ ಒಂದು ಒಪ್ಪಂದ. ಕೆಲಸದ ವಾರವನ್ನು ಹೇಗೆ ನಿಭಾಯಿಸಬೇಕು, ಏಕಾಗ್ರತೆಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಇಂದು ನಡೆಯುವ ಚರ್ಚೆಗಳೆಲ್ಲ ಈ ಒಂದು ಸಂಗತಿಯನ್ನು ಮರೆತೇ ಆರಂಭವಾಗುತ್ತವೆ.

ದಿನಗಳು ಈಗಿರುವ ಕ್ರಮದಲ್ಲಿಯೇ ಬರುವುದಕ್ಕೂ ಒಂದು ಲೆಕ್ಕವಿದೆ. ದಿನವನ್ನು ಇಪ್ಪತ್ತನಾಲ್ಕು ಹೋರೆಗಳಾಗಿ ಭಾಗಿಸಿ, ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಅನುಕ್ರಮದಲ್ಲಿ ಒಂದೊಂದು ಹೋರೆಗೆ ಒಬ್ಬೊಬ್ಬ ಗ್ರಹಾಧಿಪತಿಯನ್ನು ಹಚ್ಚಿ, ಸೂರ್ಯೋದಯದ ಹೋರೆ ಯಾರದೋ ಅವರ ಹೆಸರನ್ನೇ ಇಡೀ ದಿನಕ್ಕೆ ಇಡುವುದು ಹಳೆಯ ಜ್ಯೋತಿಷಿಗಳ ಪದ್ಧತಿ. ಇಪ್ಪತ್ತನಾಲ್ಕನ್ನು ಏಳರಿಂದ ಭಾಗಿಸಿದರೆ ಮೂರು ಉಳಿಯುವುದರಿಂದ ಮರುದಿನದ ಒಡೆತನ ಮೂವರನ್ನು ದಾಟಿ ನಾಲ್ಕನೆಯವನಿಗೆ ಸಲ್ಲುತ್ತದೆ. ಶನಿಯ ಮರುದಿನ ರವಿಯೂ ರವಿಯ ಮರುದಿನ ಚಂದ್ರನೂ ಬರುವುದು ಹೀಗೆ. ಭಾರತದ ಶಾಸನಗಳಲ್ಲಿ ವಾರದ ಹೆಸರು ಕಾಣಿಸಿಕೊಳ್ಳುವ ಅತ್ಯಂತ ಹಳೆಯ ನಿದರ್ಶನವೆಂದು ವಿದ್ವಾಂಸರು ಗುರುತಿಸುವುದು ಮಧ್ಯಪ್ರದೇಶದ ಏರಣ್‌ನಲ್ಲಿರುವ, ಗುಪ್ತ ದೊರೆ ಬುಧಗುಪ್ತನ ಕಾಲದ ಕಂಬದ ಬರಹವನ್ನು. ಅದರ ಕಾಲ ಕ್ರಿ.ಶ. 484, ಅದರಲ್ಲಿರುವ ವಾರ ಗುರುವಾರ.

ಒಪ್ಪಂದವನ್ನು ಮುರಿದು ನೋಡಿದವರೂ ಇದ್ದಾರೆ. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನಗಳ ವಾರವನ್ನು ತಂದರು; ಏಳನೆಯ ದಿನದ ಬಿಡುವು ಹತ್ತನೆಯ ದಿನಕ್ಕೆ ಹೋದದ್ದನ್ನು ದುಡಿಯುವ ಜನ ಮೆಚ್ಚಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ, 1806ರ ಆರಂಭದಲ್ಲಿ ಆ ಪಂಚಾಂಗವೇ ರದ್ದಾಯಿತು. ಇದಕ್ಕಿಂತ ಕುತೂಹಲಕರವಾದದ್ದು ಸೋವಿಯತ್ ಒಕ್ಕೂಟದ ಪ್ರಯೋಗ, ಏಕೆಂದರೆ ಅಲ್ಲಿ ಬಿಡುವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಯಂತ್ರಗಳು ವರ್ಷವಿಡೀ ನಿಲ್ಲಬಾರದೆಂಬ ಉದ್ದೇಶದಿಂದ 1929ರಲ್ಲಿ ಸರ್ಕಾರವು ಕಾರ್ಮಿಕರನ್ನು ಐದು ಗುಂಪುಗಳಾಗಿ ಒಡೆದು, ಒಂದೊಂದು ಗುಂಪಿಗೆ ಒಂದೊಂದು ಬಣ್ಣ ಕೊಟ್ಟು, ನಾಲ್ಕು ದಿನ ದುಡಿದವರಿಗೆ ಐದನೆಯ ದಿನ ರಜೆ ಎಂದು ಗೊತ್ತುಮಾಡಿತು. ಯಾವ ದಿನ ನೋಡಿದರೂ ಐವರಲ್ಲಿ ನಾಲ್ವರು ಕೆಲಸದಲ್ಲಿ, ಒಬ್ಬನು ಮನೆಯಲ್ಲಿ. ಲೆಕ್ಕಕ್ಕೆ ಇದು ಲಾಭವೇ ಆದರೂ, ಗಂಡನ ಬಣ್ಣ ಹಳದಿಯಾಗಿ ಹೆಂಡತಿಯ ಬಣ್ಣ ಹಸಿರಾದಾಗ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ಬಿಡುವಾಗುವ ದಿನವೇ ಇಲ್ಲವಾಯಿತು, ಗೆಳೆಯನನ್ನು ಕಾಣಹೋದರೆ ಗೆಳೆಯ ಕಾರ್ಖಾನೆಯಲ್ಲಿರುತ್ತಿದ್ದ. ಯಂತ್ರಗಳಿಗೂ ದುರಸ್ತಿಯ ದಿನ ಸಿಗದೆ ಅವು ಕೆಡತೊಡಗಿದವು. 1931ರಲ್ಲಿ ಎಲ್ಲರಿಗೂ ಒಂದೇ ದಿನ ರಜೆಯಿರುವ ಆರು ದಿನಗಳ ವಾರ ಬಂದು, 1940ರಲ್ಲಿ ಹಳೆಯ ಏಳು ದಿನಗಳ ವಾರವೇ ಮರಳಿತು. ರಜೆಯ ಬೆಲೆ ಅದರ ಗಂಟೆಗಳಲ್ಲಿ ಎಷ್ಟಿದೆಯೋ ಅದು ನೆರೆಯವರಿಗೂ ರಜೆಯಾಗಿರುವುದರಲ್ಲಿ ಅಷ್ಟೇ ಇದೆ ಎಂಬುದನ್ನು ಒಂದು ಬಲಿಷ್ಠ ಸರ್ಕಾರ ಹನ್ನೊಂದು ವರ್ಷ ಖರ್ಚುಮಾಡಿ ಕಲಿಯಿತು.

ಕರ್ನಾಟಕದ ಹಳ್ಳಿಗಳಲ್ಲಿ ವಾರದ ದಿನಗಳಿಗೆ ಒಂದೊಂದಕ್ಕೂ ಬೇರೆಬೇರೆ ಮುಖವಿತ್ತು, ಹಲವೆಡೆ ಈಗಲೂ ಇದೆ. ಸೋಮವಾರ ಬಸವನ ದಿನವಾದ್ದರಿಂದ ನಾಡಿನ ಅನೇಕ ಭಾಗಗಳಲ್ಲಿ ರೈತರು ಆ ದಿನ ಎತ್ತಿನ ಹೆಗಲಿಗೆ ನೊಗ ಹೇರುವುದಿಲ್ಲ. ಇದನ್ನು ಭಕ್ತಿಯೆಂದು ಮಾತ್ರ ಓದಿದರೆ ಅದರೊಳಗಿನ ಬುದ್ಧಿವಂತಿಕೆ ತಪ್ಪಿಹೋಗುತ್ತದೆ. ಎತ್ತಿಗೆ ಬಿಡುವಾದ ದಿನ ಒಕ್ಕಲಿಗನಿಗೆ ಬಿಡುವಾಗುತ್ತಿರಲಿಲ್ಲ, ನೇಗಿಲ ಕುಳ ತಟ್ಟಿಸಲು ಕಮ್ಮಾರನ ಕುಲುಮೆಗೆ ಹೋಗುವುದು, ಹಗ್ಗ ಹೊಸೆಯುವುದು, ಬದುವಿನ ಕಿತ್ತ ಕಲ್ಲನ್ನು ಕೂರಿಸುವುದು, ಕೊಟ್ಟಿಗೆಯ ಸೋಗೆ ಸರಿಪಡಿಸುವುದು ಮೊದಲಾಗಿ ಉಳುಮೆಯ ದಿನಗಳಲ್ಲಿ ಕೈಗೆ ಹತ್ತದ ಕೆಲಸಗಳೆಲ್ಲ ಅಂದು ಸಾಲುಗಟ್ಟಿ ನಿಲ್ಲುತ್ತಿದ್ದವು. ಸಲಕರಣೆಯನ್ನು ಹದಗೊಳಿಸುವ ಕೆಲಸಕ್ಕೆ ವಾರದಲ್ಲಿ ಒಂದು ದಿನವನ್ನು ದೇವರ ಹೆಸರಿನಲ್ಲಿ ಮೀಸಲಿಟ್ಟುಬಿಟ್ಟರೆ ಅದನ್ನು ಮುಂದೂಡುವ ಧೈರ್ಯ ಯಾರಿಗೂ ಬರುವುದಿಲ್ಲ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ, ಅದಕ್ಕಿರುವುದು ಸಾಲದ ಕಂತಿನ ತಾರೀಖು ಮಾತ್ರ. ಕ್ಷೌರದಂಗಡಿಗಳು ಮಂಗಳವಾರ ಬಾಗಿಲು ಹಾಕುವ ರೂಢಿ ಮಾತ್ರ ನಗರಗಳಲ್ಲಿಯೂ ಗಟ್ಟಿಯಾಗಿ ಉಳಿದಿದೆ, ಭಾನುವಾರ ಎಲ್ಲರೂ ಅಲ್ಲಿಗೇ ನುಗ್ಗುವುದರಿಂದ ಅದಕ್ಕೊಂದು ಹೊಸ ನ್ಯಾಯವೂ ದೊರೆತಿದೆ.

ದಿನಕ್ಕೊಂದು ಮುಖವಿರುವುದರ ಪ್ರಯೋಜನ ಹೆಚ್ಚು ಸ್ಪಷ್ಟವಾಗಿ ಕಾಣುವುದು ಸಂತೆಯಲ್ಲಿ. ಕೊಡಗಿನಲ್ಲಿ ಸೋಮವಾರಪೇಟೆ, ಶನಿವಾರಸಂತೆ ಎಂಬ ಊರುಗಳ ಹೆಸರೇ ಸಂತೆಯ ದಿನವನ್ನು ಸಾರುತ್ತವೆ. ಕುಶಾಲನಗರದ ಸಂತೆ ಮಂಗಳವಾರ, ಮಡಿಕೇರಿಯದು ಶುಕ್ರವಾರ, ಗೋಣಿಕೊಪ್ಪದ್ದು ಭಾನುವಾರ. ಅಕ್ಕಪಕ್ಕದ ಊರುಗಳು ಒಂದೇ ದಿನ ಸಂತೆ ಕಟ್ಟದಂತೆ ದಿನಗಳನ್ನು ಹಂಚಿಕೊಂಡಿರುವುದರಿಂದ ಬಳೆ, ಬಟ್ಟೆ, ಒಣಮೀನು, ತರಕಾರಿಯ ವ್ಯಾಪಾರಿಗಳು ವಾರವಿಡೀ ಊರಿಂದೂರಿಗೆ ಸುತ್ತುತ್ತ ಬರುತ್ತಾರೆ. ಹಲವು ಕಾಫಿ ತೋಟಗಳಲ್ಲಿ ವಾರದ ರಜೆಯೂ ಹತ್ತಿರದ ಸಂತೆಯ ದಿನಕ್ಕೇ ಹೊಂದಿಕೊಂಡಿದ್ದು, ಅದರ ಹಿಂದಿನ ಸಂಜೆ ಬಟವಾಡೆ, ಎಂದರೆ ಕೂಲಿಹಣದ ವಿತರಣೆ, ನಡೆಯುತ್ತದೆ. ಕೈಗೆ ಹಣ ಬರುವುದು, ಬಿಡುವು ಸಿಗುವುದು, ಸಾಮಾನು ಒದಗುವುದು ಮೂರೂ ಒಂದೇ ಕಡೆ ಕೂಡುತ್ತವೆ. ಮಡಿಕೇರಿಯ ಮೈದಾನದಲ್ಲಿ ಶುಕ್ರವಾರ ಬೆಳಗ್ಗೆ ಟಾರ್ಪಾಲು ಹಾಸುವ ವ್ಯಾಪಾರಿಯನ್ನು ಗಮನಿಸಿದರೆ ಅವನ ಕೈಗಳಿಗೆ ಅನುಮಾನವೇ ಇಲ್ಲದಿರುವುದು ಕಾಣುತ್ತದೆ: ಎಲ್ಲಿ ಗೂಟ ಹೊಡೆಯಬೇಕು, ಸುಂಕದವನು ಎಷ್ಟು ಹೊತ್ತಿಗೆ ಬರುತ್ತಾನೆ, ಮಳೆ ಬಂದರೆ ಯಾವ ಮೂಟೆಯನ್ನು ಮೊದಲು ಮುಚ್ಚಬೇಕು, ಯಾವ ಮಾಲನ್ನು ಬಿಚ್ಚದೆ ನಾಳಿನ ಸಂತೆಗೆ ಉಳಿಸಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಇಂದು ಏನು ಮಾಡಬೇಕು ಎಂದು ಯೋಚಿಸುತ್ತ ಕೂರುವ ಅರ್ಧ ಗಂಟೆಯನ್ನು ಆ ಮನುಷ್ಯ ತನ್ನ ಆಯುಷ್ಯದಲ್ಲಿಯೇ ಕಳೆದಿರಲಾರ. ಅವನ ಬುದ್ಧಿಯೆಲ್ಲ ಗಿರಾಕಿಯ ಮುಖ ಓದುವುದಕ್ಕೆ ಉಳಿದಿರುತ್ತದೆ. ಸಂತೆ ಗಡುವನ್ನೂ ವಿಧಿಸುತ್ತದೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಎಂಬ ಗಾದೆಯ ನೇಕಾರನು ಆರು ದಿನ ಮಗ್ಗದ ಮುಂದೆ ಸುಮ್ಮನಿದ್ದು ಏಳನೆಯ ದಿನ ಲಾಳಿಯನ್ನು ಓಡಿಸಿದವನು. ಇಂದಿನ ಕಚೇರಿಗಳಲ್ಲಿ ಅವನ ವಂಶ ಬೆಳೆದಿದೆಯೇ ಹೊರತು ನಶಿಸಿಲ್ಲ.

ಕಾರ್ಖಾನೆ ಬಂದ ಮೇಲೆ ವಾರದ ಪ್ರಶ್ನೆ ದಿನಗಳ ಮುಖವನ್ನು ಬಿಟ್ಟು ಗಂಟೆಗಳ ಮೊತ್ತಕ್ಕೆ ತಿರುಗಿತು. ಭಾರತದ 1881ರ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳಿಗಷ್ಟೇ ತಿಂಗಳಿಗೆ ನಾಲ್ಕು ರಜೆ ಕೊಟ್ಟು ದೊಡ್ಡವರ ವಿಷಯದಲ್ಲಿ ಮೌನವಾಗಿತ್ತು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ ವರ್ಷಗಟ್ಟಲೆ ಹೋರಾಡಿದ ಫಲವಾಗಿ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರ ಖಂಡೋಬನ ದಿನವೆಂಬುದೂ ಲೋಖಂಡೆಯವರ ವಾದಗಳಲ್ಲಿ ಒಂದಾಗಿತ್ತು. ಆ ಖಂಡೋಬನೇ ಕನ್ನಡಿಗರ ಮೈಲಾರಲಿಂಗನಾದ್ದರಿಂದ ಭಾನುವಾರದ ಬಿಡುವಿನಲ್ಲಿ ಮೈಲಾರನಿಗೂ ಒಂದು ಪಾಲು ಸಲ್ಲಬೇಕು. ಆಮೇಲಿನ ಕಥೆ ಇಳಿಕೆಯದು: 1922ರ ಕಾಯ್ದೆಯಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, ಸ್ವಾತಂತ್ರ್ಯಾನಂತರದ 1948ರ ಕಾಯ್ದೆಯಲ್ಲಿ 48. ಈ ಇಳಿಕೆಯ ಒಂದೊಂದು ಮೆಟ್ಟಿಲಿಗೂ ದೇಶದ ಕೈಗಾರಿಕೆ ಮುಳುಗಿಹೋಗುತ್ತದೆಂದು ಹೇಳಿದವರಿದ್ದರು.

ಇಳಿದ ಮೆಟ್ಟಿಲನ್ನು ಮತ್ತೆ ಹತ್ತಬೇಕೆಂಬ ಮಾತು ಈಗ ಬೆಂಗಳೂರಿನ ಕಡೆಯಿಂದಲೇ ಕೇಳಿಬರುತ್ತಿದೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಹೇಳಿದಾಗ ದೇಶವೇ ಎರಡು ಪಾಳಯವಾಗಿ ವಾದಕ್ಕಿಳಿಯಿತು. ಆ ವಾದದಲ್ಲಿ ನೈತಿಕ ಆವೇಶ ಬೇಕಾದಷ್ಟಿತ್ತು, ಅಳತೆ ಕಡಿಮೆಯಿತ್ತು. ಅಳತೆ ಹೊಸದೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಎಷ್ಟು ಗಂಟೆ ದುಡಿದು ಎಷ್ಟು ಮಾಲು ತಯಾರಿಸಿದರೆಂಬುದನ್ನು ಅಲ್ಲಿನ ಸರ್ಕಾರಿ ಸಮಿತಿಯೊಂದು ವಾರವಾರವೂ ದಾಖಲಿಸಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ನೂರು ವರ್ಷಗಳ ನಂತರ ಆ ಅಂಕಿಗಳನ್ನು ಮತ್ತೆ ತೆಗೆದು ಲೆಕ್ಕ ಹಾಕಿದಾಗ, ವಾರಕ್ಕೆ ಸುಮಾರು 49 ಗಂಟೆಯವರೆಗೆ ಉತ್ಪಾದನೆಯು ಗಂಟೆಗೆ ತಕ್ಕಂತೆ ಏರಿ, ಅಲ್ಲಿಂದಾಚೆಗೆ ಏರಿಕೆ ಕುಗ್ಗುತ್ತ ಹೋಗಿ, 70 ಗಂಟೆ ದುಡಿದಾಗಿನ ಉತ್ಪಾದನೆ 56 ಗಂಟೆಯದಕ್ಕಿಂತ ಹೇಳಿಕೊಳ್ಳುವಷ್ಟು ಬೇರೆಯಾಗಿರಲಿಲ್ಲವೆಂದು ಕಂಡುಬಂತು. ಹೆಚ್ಚುವರಿ ಹದಿನಾಲ್ಕು ಗಂಟೆ ಎಲ್ಲಿಗೆ ಹೋಯಿತೆಂದರೆ, ಆಯಾಸ ಅದನ್ನು ಉಳಿದ ಐವತ್ತಾರು ಗಂಟೆಗಳಿಂದಲೇ ಕಿತ್ತುಕೊಂಡಿತ್ತು. ಲೇತ್ ಯಂತ್ರದ ಮುಂದಿನ ಲೆಕ್ಕ ಲ್ಯಾಪ್‌ಟಾಪಿನ ಮುಂದೆಯೂ ಹೀಗೆಯೇ ಇರಬೇಕೆಂದಿಲ್ಲ ಎಂಬ ಆಕ್ಷೇಪಣೆ ಸರಿಯೇ. ಆದರೆ ತಲೆಯಿಂದ ಮಾಡುವ ಕೆಲಸಕ್ಕೆ ದಣಿವು ಕೈಕೆಲಸಕ್ಕಿಂತ ತಡವಾಗಿ ತಗಲುತ್ತದೆಂದು ನಂಬುವುದಕ್ಕೂ ಕಾರಣ ಕಾಣುವುದಿಲ್ಲ.

ಗಂಟೆಗಳ ಮೊತ್ತಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಕಾರ್ಖಾನೆಯ ಕಾರ್ಮಿಕನ ಒಂದು ಗಂಟೆ ಇಡಿಯಾದ ಒಂದು ಗಂಟೆ. ಕಚೇರಿಯ ನೌಕರನ ಒಂದು ಗಂಟೆ ಚೂರುಚೂರಾದದ್ದು. ಬೆಂಗಳೂರಿನ ಯಾವುದಾದರೂ ಸಾಫ್ಟ್‌ವೇರ್ ಕಚೇರಿಯ ಒಂದು ಮಂಗಳವಾರವನ್ನು ಬಿಡಿಸಿ ನೋಡಬಹುದು. ಒಂಬತ್ತೂವರೆಗೆ ಇಡೀ ತಂಡ ನಿಂತು ನಿನ್ನೆ ಏನಾಯಿತೆಂದು ಒಪ್ಪಿಸುವ ಸಭೆ, ಹತ್ತೂವರೆಗೆ ಇನ್ನೊಂದು, ಹನ್ನೊಂದೂವರೆಗೆ ಮತ್ತೊಂದು. ಎರಡು ಸಭೆಗಳ ನಡುವೆ ಉಳಿಯುವ ಇಪ್ಪತ್ತೈದು ನಿಮಿಷದಲ್ಲಿ ಕಠಿಣವಾದ ಕೆಲಸಕ್ಕೆ ಕೈಹಾಕುವ ಮನಸ್ಸಾಗದೆ ಹದಿನಾಲ್ಕು ಸಂದೇಶಗಳಿಗೆ ಉತ್ತರ ಬರೆದು, ಕಾಫಿ ಯಂತ್ರದವರೆಗೆ ಹೋಗಿ ಬರುವಷ್ಟರಲ್ಲಿ ಮುಂದಿನ ಸಭೆ. ಸಂಜೆ ಐದಕ್ಕೆ ನಿಜವಾದ ಕೆಲಸವನ್ನು ತೆರೆದರೆ ಅದು ತಲೆಗೆ ಹತ್ತುವುದರೊಳಗೆ ಹೊರವರ್ತುಲ ರಸ್ತೆಯ ವಾಹನಸಾಲು ನೆನಪಾಗುತ್ತದೆ. ಬುಧವಾರವೂ ಇದೇ, ಗುರುವಾರವೂ ಇದೇ. ದಿನಗಳ ಹೆಸರು ಬೇರೆ, ಮುಖವೊಂದೇ.

ಹೀಗೆ ಚೂರಾದ ಹೊತ್ತು ಏಕೆ ದಂಡವಾಗುತ್ತದೆಂಬುದಕ್ಕೆ ಮನೋವಿಜ್ಞಾನದಲ್ಲಿ ಒಂದು ವಿವರಣೆಯಿದೆ. ಸೋಫಿ ಲೆರಾಯ್ ಎಂಬ ವಿದ್ವಾಂಸೆ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೊರಳಿದವರ ಗಮನವು ಪೂರ್ತಿಯಾಗಿ ಹೊರಳುವುದಿಲ್ಲ. ಅದರ ಒಂದಂಶ ಹಿಂದಿನ ಕೆಲಸದಲ್ಲಿಯೇ ಅಂಟಿಕೊಂಡಿದ್ದು, ಹೊಸ ಕೆಲಸದ ಗುಣಮಟ್ಟವನ್ನು ತಗ್ಗಿಸುತ್ತದೆ. ಇದನ್ನು ಅವರು ಗಮನದ ಶೇಷವೆಂದು ಕರೆದರು. ದಿನಕ್ಕೆ ಎಂಟು ಬಾರಿ ಹೊರಳಿದವನು ಎಂಟು ಶೇಷಗಳನ್ನು ಹೊತ್ತು ಮನೆಗೆ ಬರುತ್ತಾನೆ. ಊಟದ ತಟ್ಟೆಯ ಮುಂದೆ ಅವನ ಮೌನವನ್ನು ಮನೆಯವರು ಸಿಟ್ಟೆಂದು ತಿಳಿಯುವುದುಂಟು. ಗಂಟೆಗೊಮ್ಮೆ ಗಡಿಯಾರ ಒತ್ತಿ ಗಮನವನ್ನು ಹಿಡಿಯುವ ತಂತ್ರಗಳು, ಫೋನನ್ನು ಡ್ರಾಯರಿನಲ್ಲಿಡುವ ಸಲಹೆಗಳು ಕೆಡುಕಿನವಲ್ಲ. ಆದರೆ ಸಭೆಯನ್ನು ಕರೆಯುವ ಅಧಿಕಾರವಿಲ್ಲದವನಿಗೆ ಸ್ವಂತ ಶಿಸ್ತಿನ ಪಾಠ ಹೇಳುವುದು ಅರ್ಧ ಉಪಚಾರ. ಏಕಾಗ್ರತೆ ಒಬ್ಬನ ಗುಣವೆಂದು ಸ್ವಸಹಾಯ ಪುಸ್ತಕಗಳು ಬರೆಯುತ್ತವೆ. ಅದು ಬಹುಮಟ್ಟಿಗೆ ಸುತ್ತಲಿನವರು ಕೂಡಿ ಮಾಡಿಕೊಳ್ಳುವ ಏರ್ಪಾಡು.

ಅಂಥ ಏರ್ಪಾಡುಗಳಿಗೆ ಹಳೆಯ ಸಂಸ್ಥೆಗಳಲ್ಲಿ ಒಳ್ಳೆಯ ಮಾದರಿಗಳಿವೆ. ಭಾರತದ ಸರ್ವೋಚ್ಚ ನ್ಯಾಯಾಲಯವು ಬಹುಕಾಲದಿಂದ ಸೋಮವಾರ ಮತ್ತು ಶುಕ್ರವಾರಗಳನ್ನು ಹೊಸ ಅರ್ಜಿಗಳ ಚಿಕ್ಕಚಿಕ್ಕ ವಿಚಾರಣೆಗೆ, ನಡುವಿನ ಮೂರು ದಿನಗಳನ್ನು ದೀರ್ಘ ವಾದಗಳನ್ನು ಆಲಿಸುವುದಕ್ಕೆ ಮೀಸಲಿಡುವ ಪದ್ಧತಿಯನ್ನು ಬೆಳೆಸಿಕೊಂಡು ಬಂದಿತು. ಹತ್ತು ನಿಮಿಷದ ಐವತ್ತು ಕೆಲಸಗಳೂ ಹತ್ತು ಗಂಟೆಯ ಒಂದು ಕೆಲಸವೂ ಒಂದೇ ದಿನದಲ್ಲಿ ಕೂಡಿ ಬಾಳಲಾರವೆಂಬ ತಿಳಿವಳಿಕೆ ಅದರ ಹಿಂದಿದೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಸಾರ್ವಜನಿಕರ ಭೇಟಿಗೆ ಮಧ್ಯಾಹ್ನದ ನಂತರದ ಹೊತ್ತನ್ನು ಗೊತ್ತುಪಡಿಸುವ ರೂಢಿಯಿರುವುದೂ ಇದೇ ಕಾರಣಕ್ಕೆ: ಬೆಳಗ್ಗೆ ಟಪಾಲು ತೆರೆದು, ವಹಿಯಲ್ಲಿ ದಾಖಲಿಸಿ, ಶಾಖೆಗಳಿಗೆ ಹಂಚಿ, ವಿಷಯ ನಿರ್ವಾಹಕನು ಕಡತ ತೆರೆದು ಟಿಪ್ಪಣಿ ಬರೆಯುವಷ್ಟು ಹೊತ್ತಾದರೂ ಕಿಟಕಿಯಾಚೆಯಿಂದ ಯಾರೂ ಕರೆಯಬಾರದು. ಈ ನಿಯಮದ ಮರೆಯಲ್ಲಿ ಬೆಳಗಿನ ಹೊತ್ತು ಕ್ಯಾಂಟೀನಿನಲ್ಲಿ ಕಳೆಯುವುದೂ ಉಂಟೆಂಬುದು ನಾಡಿಗೆಲ್ಲ ಗೊತ್ತಿರುವ ಸಂಗತಿ, ಅದು ನಿಯಮದ ದೋಷವಲ್ಲ. 2019ರಲ್ಲಿ ರಾಜ್ಯ ಸರ್ಕಾರ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯ ಶನಿವಾರವನ್ನೂ ರಜೆಯಾಗಿಸಿ, ಬದಲಿಗೆ ವರ್ಷದ ಸಾಂದರ್ಭಿಕ ರಜೆಯನ್ನು ಹದಿನೈದರಿಂದ ಹತ್ತಕ್ಕೆ ಇಳಿಸಿತು. ಒಬ್ಬೊಬ್ಬರು ಒಂದೊಂದು ದಿನ ಬಿಡಿಬಿಡಿಯಾಗಿ ಇಲ್ಲವಾಗುವುದಕ್ಕಿಂತ ಎಲ್ಲರೂ ಒಂದೇ ದಿನ ಇಲ್ಲವಾಗುವುದು ಮೇಲು, ಕಡತವಾದರೂ ಮೇಜಿನಿಂದ ಮೇಜಿಗೆ ಅಡೆತಡೆಯಿಲ್ಲದೆ ಹೋಗುತ್ತದೆ.

ಬೆಂಗಳೂರಿನ ತಂತ್ರಜ್ಞರ ಪಾಲಿಗೆ ವಾರದ ಅಂಚೇ ಸರಿದಿರುವುದರಿಂದ ಅವರ ಏರ್ಪಾಡು ಇನ್ನಷ್ಟು ವಿಚಿತ್ರವಾಗಿರಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ಗಡಿಯಾರ ಅಲ್ಲಿನ ಬೇಸಿಗೆಯಲ್ಲಿ ಭಾರತಕ್ಕಿಂತ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೆಂಗಳೂರಿನಲ್ಲಿ ಶುಕ್ರವಾರ ರಾತ್ರಿ ಒಂಬತ್ತಾದಾಗ ಅಲ್ಲಿ ಶುಕ್ರವಾರದ ಬೆಳಗು ಆಗತಾನೆ ಹರಿದಿರುವುದರಿಂದ, ಇಲ್ಲಿನವರ ಶುಕ್ರವಾರ ಮುಗಿಯುವಾಗ ಶನಿವಾರ ಹಾಲಿನವನು ಬಂದಿರುತ್ತಾನೆ. ಆದರೆ ಇದೇ ಲೆಕ್ಕದ ಇನ್ನೊಂದು ತುದಿಯನ್ನು ಗಮನಿಸಿದವರು ಕಡಿಮೆ: ಬೆಂಗಳೂರಿನ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಭಾನುವಾರ ರಾತ್ರಿ. ಸೋಮವಾರದ ಹಗಲಿಡೀ ಅಲ್ಲಿಂದ ಒಂದು ಪತ್ರವೂ ಬಾರದು, ಬರೆದ ಪತ್ರಕ್ಕೆ ಉತ್ತರವೂ ಬಾರದು. ಇಡೀ ವಾರದಲ್ಲಿ ಇಷ್ಟು ನಿಶ್ಶಬ್ದವಾದ ಎಂಟು ಗಂಟೆ ಇನ್ನೊಂದಿಲ್ಲ. ಆ ಹಗಲನ್ನು ಹಲವು ತಂಡಗಳು ವಾರದ ಯೋಜನೆಯ ಸಭೆ, ಪರಿಶೀಲನೆಯ ಸಭೆ, ಹಿಂದಿನ ಸಭೆಯ ನಿರ್ಣಯಗಳ ಸಭೆ ಎಂದು ತುಂಬಿಸಿ, ಮಂಗಳವಾರದಿಂದ ಅಮೆರಿಕದ ಕರೆಗಳ ನಡುವೆ ಕೋಡ್ ಬರೆಯಲು ಹೆಣಗುತ್ತವೆ. ಸೋಮವಾರದ ಹಗಲನ್ನು ಕಠಿಣ ಕೆಲಸಕ್ಕೆ ಬಿಟ್ಟು, ಮಾತನ್ನು ಮಂಗಳವಾರದಿಂದ ಗುರುವಾರದ ಸಂಜೆಗಳಿಗೆ ಒತ್ತಿ, ಶುಕ್ರವಾರದ ಹಗಲನ್ನು ದುರಸ್ತಿಗೆ, ದಾಖಲಾತಿಗೆ, ಬಾಕಿ ಉತ್ತರಗಳಿಗೆ ಇಟ್ಟುಕೊಂಡರೆ ವಾರಕ್ಕೆ ಮತ್ತೆ ಮುಖಗಳು ಮೂಡುತ್ತವೆ. ಇದಕ್ಕೆ ಬೇಕಾದದ್ದು ಹೊಸ ಆ್ಯಪ್ ಅಲ್ಲ, ತಂಡದ ಮುಖ್ಯಸ್ಥನ ಒಂದು ಮಾತು.

ವಾರವನ್ನು ಯೋಜಿಸುವವರು ಮಾಡುವ ಸಾಮಾನ್ಯ ತಪ್ಪು ಅದನ್ನು ಕಂಠಮಟ್ಟ ತುಂಬುವುದು. ಕೆಲಸಕ್ಕೆ ಹಿಡಿಯುವ ಸಮಯವನ್ನು ಕಡಿಮೆ ಅಂದಾಜು ಮಾಡುವ ಮನುಷ್ಯಸ್ವಭಾವವನ್ನು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲಿ ಯೋಜನಾಭ್ರಮೆ ಎಂಬರ್ಥದ ಹೆಸರಿಟ್ಟು ಗುರುತಿಸಿದರು. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ತಮ್ಮ ಪ್ರಬಂಧಗಳನ್ನು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆಂದ ವಿದ್ಯಾರ್ಥಿಗಳಿಗೆ ವಾಸ್ತವದಲ್ಲಿ ಸುಮಾರು 55 ದಿನ ಹಿಡಿದಿತ್ತು. ಸ್ವಾರಸ್ಯವೆಂದರೆ ಇತರರ ಕೆಲಸದ ಅಂದಾಜಿನಲ್ಲಿ ಜನ ಇಷ್ಟು ಆಶಾವಾದಿಗಳಲ್ಲ. ಮನೆ ಕಟ್ಟಿಸುವವನು ಮೇಸ್ತ್ರಿಯ ಮಾತಿಗೆ ಎರಡು ತಿಂಗಳು ಕೂಡಿಸಿಯೇ ಗೃಹಪ್ರವೇಶದ ಮುಹೂರ್ತ ಇಡಿಸುತ್ತಾನೆ, ತನ್ನ ವರದಿಗೆ ಮಾತ್ರ ಗುರುವಾರ ಸಂಜೆಯೇ ಸಾಕೆನ್ನುತ್ತಾನೆ. ಆದ್ದರಿಂದ ವಾರದಲ್ಲಿ ಅರ್ಧ ದಿನವನ್ನಾದರೂ ಯಾವ ಕೆಲಸಕ್ಕೂ ಹಂಚದೆ ಬಿಡುವುದು ಸೋಮಾರಿತನವಲ್ಲ, ಲೆಕ್ಕ ಬಲ್ಲವರ ನಡೆ. ವಾರದ ಪಟ್ಟಿಯನ್ನು ಸೋಮವಾರ ಬೆಳಗ್ಗೆ ಬರೆಯುವುದಕ್ಕಿಂತ ಶುಕ್ರವಾರ ಸಂಜೆ ಬರೆಯುವುದು ಮೇಲೆಂಬುದಕ್ಕೂ ಆಧಾರವಿದೆ. ಮುಗಿಯದ ಕೆಲಸಗಳು ಮನಸ್ಸನ್ನು ಕೊರೆಯುತ್ತವೆಂಬುದು ಹಳೆಯ ಮಾತು. ಅವನ್ನು ಮುಗಿಸದಿದ್ದರೂ ಎಂದು, ಎಲ್ಲಿ, ಹೇಗೆ ಮಾಡಲಾಗುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೆ ಸಾಕು, ಕೊರೆತ ನಿಲ್ಲುತ್ತದೆಂದು ಮಾಸಿಕ್ಯಾಂಪೋ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಯೋಗಗಳಿಂದ ತೋರಿಸಿದರು.

ಇದೆಲ್ಲವೂ ತನ್ನ ವಾರವನ್ನು ಕೊಂಚವಾದರೂ ತಾನೇ ಹೊಂದಿಸಿಕೊಳ್ಳಬಲ್ಲವನಿಗೆ ಹೇಳಬಹುದಾದ ಮಾತು. ಅದೇ ಕಚೇರಿಯ ಗೇಟಿನಲ್ಲಿ ಹನ್ನೆರಡು ಗಂಟೆಯ ಪಾಳಿ ನಿಲ್ಲುವ ಕಾವಲುಗಾರನಿಗೆ ವಾರವೆಂದರೆ ಬದಲಿ ಆಳು ಬಂದ ದಿನ ಮತ್ತು ಬಾರದ ದಿನ, ಅಷ್ಟೇ. ಡೇರಿಗೆ ಹಾಲು ಹಾಕುವ ಮನೆಗಳಿಗೂ ವಾರವಿಲ್ಲ, ಹಸುವಿನ ಕೆಚ್ಚಲಿಗೆ ಭಾನುವಾರ ಗೊತ್ತಿಲ್ಲ. ಅಡುಗೆಮನೆಗಂತೂ ಭಾನುವಾರ ಉಳಿದ ದಿನಗಳಿಗಿಂತ ಭಾರ: ಶನಿವಾರ ಬೆಳಗ್ಗೆ ಉದ್ದು ನೆನೆಹಾಕಿ, ಸಂಜೆ ರುಬ್ಬಿ, ಭಾನುವಾರ ಎಲ್ಲರೂ ಎದ್ದ ಹೊತ್ತಿಗೆ ಒಂದೊಂದಾಗಿ ದೋಸೆ ಹೊಯ್ಯುತ್ತ, ಕೊನೆಯ ದೋಸೆಯನ್ನು ಹನ್ನೊಂದಕ್ಕೆ ತಾನು ತಿಂದು, ಅಷ್ಟರಲ್ಲಿ ಮಧ್ಯಾಹ್ನದ ಸಾರಿಗೆ ಬೇಳೆ ಇಡುವವರ ದಿನಚರಿಯನ್ನು ಯಾವ ಯೋಜನಾ ಪುಸ್ತಕವೂ ಕೆಲಸದ ವಾರವೆಂದು ಎಣಿಸುವುದಿಲ್ಲ. ಭಾರತ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯ ಕೂಲಿಯಿಲ್ಲದ ಕೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷವನ್ನೂ, ಅಂಥ ಕೆಲಸ ಮಾಡಿದ ಪುರುಷರು 97 ನಿಮಿಷವನ್ನೂ ವ್ಯಯಿಸಿದ್ದರು. ವಾರಕ್ಕೆ ಕೂಡಿಸಿದರೆ ಮೊದಲನೆಯದು ಸುಮಾರು 35 ಗಂಟೆ. ಕಚೇರಿಗೂ ಹೋಗುವ ಹೆಣ್ಣುಮಗಳಿಗೆ 70 ಗಂಟೆಯ ವಾರವನ್ನು ಹೊಸದಾಗಿ ಬೋಧಿಸುವ ಅಗತ್ಯವಿಲ್ಲ, ಅವಳು ಅದನ್ನು ದಾಟಿ ಬಹಳ ಕಾಲವಾಗಿದೆ. ಭಾನುವಾರ ಸಂಜೆ ಒಂದು ಗಂಟೆ ಏಕಾಂತದಲ್ಲಿ ಕುಳಿತು ಮುಂದಿನ ವಾರವನ್ನು ಯೋಜಿಸಿರಿ ಎಂಬ ಸಲಹೆಯನ್ನು ಬರೆದವನ ಮನೆಯಲ್ಲಿ ಆ ಗಂಟೆ ಪಾತ್ರೆಗಳನ್ನು ಯಾರು ತೊಳೆಯುತ್ತಿದ್ದರೆಂದು ಕೇಳಬೇಕಾಗುತ್ತದೆ.

ಎಲ್ಲರಿಗೂ ಒಂದೇ ದಿನ ಬಿಡುವಾಗುವುದರ ಬೆಲೆಯನ್ನು ಕರಾವಳಿಯ ಮನೆಗಳು ಬೇರೆ ಬಗೆಯಲ್ಲಿ ಅರಿತಿವೆ. ಗಲ್ಫ್ ದೇಶಗಳಿಗೆ ದುಡಿಯಲು ಹೋದವರ ವಾರದ ರಜೆ ಶುಕ್ರವಾರದ ಸುತ್ತ ಇರುತ್ತಿದ್ದುದರಿಂದ, ಉಡುಪಿ, ಮಂಗಳೂರು, ಭಟ್ಕಳದ ಕಡೆ ಮನೆಯವರು ಶುಕ್ರವಾರ ಫೋನಿನ ಬಳಿ ಇರುತ್ತಿದ್ದರು. ಸೌದಿ ಅರೇಬಿಯಾ 2013ರಲ್ಲಿ ಗುರುವಾರ ಮತ್ತು ಶುಕ್ರವಾರದ ರಜೆಯನ್ನು ಶುಕ್ರವಾರ ಮತ್ತು ಶನಿವಾರಕ್ಕೆ ಸರಿಸಿತು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ ಮತ್ತು ಭಾನುವಾರದ ರಜೆಯ ಜೊತೆಗೆ ಶುಕ್ರವಾರ ಅರ್ಧ ದಿನ ಬಿಡುವು ಕೊಟ್ಟಿತು. ಈಗ ಒಬ್ಬ ಮಗ ರಿಯಾದಿನಲ್ಲಿ, ಇನ್ನೊಬ್ಬ ದುಬೈಯಲ್ಲಿ, ಮಗಳು ಬೆಂಗಳೂರಿನ ಕಂಪನಿಯಲ್ಲಿರುವ ಮನೆಗೆ ಮೂವರಿಗೂ ಒಟ್ಟಿಗೆ ಬಿಡುವಾಗುವ ದಿನ ವಾರದಲ್ಲಿ ಒಂದೇ, ಶನಿವಾರ. ಜಮೀನು ಪಾಲಿನ ಮಾತಾಗಲಿ, ಸಂಬಂಧ ನೋಡುವ ಮಾತಾಗಲಿ, ತಾಯಿಯ ಮಂಡಿಯ ಶಸ್ತ್ರಚಿಕಿತ್ಸೆಯ ಮಾತಾಗಲಿ ಶನಿವಾರಕ್ಕೇ ಕಾಯಬೇಕು, ಆ ಶನಿವಾರ ಮಗಳಿಗೆ ಅಮೆರಿಕದ ಕರೆ ಇರಕೂಡದು.